ಡಬ್ಬದಲ್ಲಿ ಬಂದ ಮರ

ಇಪ್ಪತ್ತು ಲೀಟರಿನ ಡೀಸೆಲ್ ಕ್ಯಾನು ತಲೆಯ ಮೇಲೆ.
ಸಿಂಬಿ ಮಾತ್ರ ನನ್ನದು, ಉಳಿದದ್ದೆಲ್ಲ ಸರ್ಕಾರದ್ದು.
ಹೊಸನಗರದ ಆಚೆ ಬರೆಕಲ್ಲುಗುಡ್ಡ,
ಅದರ ನೆತ್ತಿಗೆ ಟೆಲಿಫೋನಿನವರ ಮೈಕ್ರೋವೇವ್ ಗೋಪುರ.
ಕಾಡು ಮುಗಿದು ಹುಲ್ಲು ಶುರುವಾಗುವಲ್ಲಿ
ಗಾಳಿ ಅಡ್ಡ ನಿಂತು ಹೆಸರು ಕೇಳುತ್ತಿತ್ತು;
ಬರ್ಮಣ್ಣ ಎನ್ನುವಷ್ಟು ಉಸಿರು ಉಳಿದಿರುತ್ತಿರಲಿಲ್ಲ.

ಮೇಲೆ ಹಾಲಗೌಡರು.
ಹೆಸರು ಕೇಳಿ ನಮ್ಮ ಕಡೆಯವರೇ ಅಂದುಕೊಂಡಿದ್ದೆ.
ಅಲ್ಲ, ಊಟಿ ಆಚೆಯ ಬಡಗರು.
ಅವರ ಮಾತು ನಮ್ಮ ಕನ್ನಡಕ್ಕೆ ದೊಡ್ಡಪ್ಪನ ಮಗಳಿದ್ದ ಹಾಗೆ:
ಮುಖ ಗೊತ್ತು,
ಯಾವ ಮದುವೆಯಲ್ಲಿ ಕಂಡದ್ದೆಂದು ನೆನಪಿಲ್ಲ.

ಒಂದು ಸಲ ರಜೆ ಮುಗಿಸಿ ಬರುವಾಗ ತಂದರು
ಹಾಲಿನ ಪುಡಿಯ ಡಬ್ಬದಲ್ಲಿ ಒಂದು ಗೇಣು ಗಿಡ.
ಬಸ್ಸು ಬದಲಿಸಿ ಬದಲಿಸಿ ಎರಡು ದಿನ, ಮಡಿಲಲ್ಲೇ.
ಎಲೆಯ ಬೆನ್ನಿಗೆ ತುಕ್ಕಿನ ಬಣ್ಣ,
ಮುಟ್ಟಿದರೆ ನಾಯಿಮರಿಯ ಕಿವಿ.
"ಬಿಲ್ಲಿ," ಅಂದರು, "ನಮ್ಮ ಹಟ್ಟಿಯ ಮೇಲಿನ ಗುಡ್ಡದ್ದು."
"ಹೂವು?" ಅಂದೆ.
ಬೀಡಿ ಹಚ್ಚಿ, ಒಂದು ದಮ್ಮು ಎಳೆದು,
ಅದರ ತುದಿ ತೋರಿಸಿದರು.

ಮೂರು ವರ್ಷ ಅದು ಏಳಲೂ ಇಲ್ಲ, ಸಾಯಲೂ ಇಲ್ಲ.
ನಾಲ್ಕನೆಯ ಬೇಸಗೆ ಹುಲ್ಲಿಗೆ ಬೆಂಕಿ ಬಿತ್ತು.
ಹಾಲಗೌಡರು ಗೋಪುರ ಬಿಟ್ಟು ಗಿಡಕ್ಕೆ ಓಡಿದರು,
ಕುಡಿಯಲು ಇಟ್ಟ ಕೊನೆಯ ಕೊಡ ಅದರ ತಲೆಗೆ.
ಆ ರಾತ್ರಿ ನಾಲಿಗೆ ಒಣಗಿಸಿಕೊಂಡು ಬರೆದ ವರದಿಯಲ್ಲಿ
"ಉಪಕರಣಗಳು ಸುರಕ್ಷಿತ" ಅಂತಿತ್ತು.

ಮೊಗ್ಗು ಕಾಣುವ ಮೊದಲೇ ಅವರಿಗೆ ವರ್ಗವಾಯಿತು.

ಹೂ ಬಿಟ್ಟದ್ದು ಒಂದು ಮಾಘದಲ್ಲಿ.
ಕ್ಯಾನು ಇಳಿಸುವುದನ್ನು ಮರೆತು ನಿಂತೆ.
ಕೆಂಪು ಅಂದರೆ ಎಂಥ ಕೆಂಪು!
ಮಂಜಿನೊಳಗೆ ಯಾರೋ ಒಲೆ ಹೂಡಿ
ಊದಿ ಊದಿ ಒಳಗೆ ಹೋದ ಹಾಗೆ.
ಮಂಗಳೂರಿನ ಮಾತು, ದಿಲ್ಲಿಯ ಮಾತು
ನನ್ನ ನೆತ್ತಿಯ ಮೇಲೇ ಹಾದು ಹೋಗುತ್ತಿದ್ದವು.
ಇದೊಂದನ್ನು ಹೇಳೋಣವೆಂದರೆ
ನನಗೆ ನಂಬರು ಗೊತ್ತಿರಲಿಲ್ಲ.

ಆಮೇಲೆ ನೆಲದಡಿ ಕೇಬಲ್ಲು ಬಂತು.
ಗೋಪುರಕ್ಕೆ ತುಕ್ಕು, ನನಗೆ ಮಂಡಿನೋವು.
ಮರ ಮಾತ್ರ ದಪ್ಪಗಾಯಿತು, ಸೊಟ್ಟಗೆ,
ಗಾಳಿಗೆ ಬೆನ್ನು ಕೊಟ್ಟು ಕೂತ ಮುದುಕನ ಹಾಗೆ.

ಈ ವರ್ಷ ಶಿವಮೊಗ್ಗದಿಂದ ಸುರಯ್ಯಾ ಮೇಡಂ ಬಂದರು,
ಅಪರೂಪದ ಗಿಡಗಳ ಪಟ್ಟಿ ಮಾಡುವವರು.
ದಾರಿ ತೋರಿಸಲು ನಾನು.
ಮರ ಕಂಡದ್ದೇ ಹುಲ್ಲಿನ ಮೇಲೆ ಕೂತುಬಿಟ್ಟರು.
ಟೇಪು ಹಿಡಿದ ಕೈ ನಡುಗುತ್ತಿತ್ತು.
"ಇದು ಇಲ್ಲಿರಬಾರದು, ಬರ್ಮಣ್ಣ.
ಭೂಮಿಯೇ ತಣ್ಣಗಿದ್ದ ಕಾಲದಲ್ಲಿ ಬಂದು
ಸೆಕೆಯಾದ ಮೇಲೆ ಗುಡ್ಡ ಹತ್ತಿ ಉಳಿದದ್ದೋ ಏನೋ!
ಯಾವಾಗಿಂದ ಇದೆ?"

ಅಜ್ಜನ ಕಾಲದ್ದು ಅಂದಿದ್ದರೆ ಸಾಕಿತ್ತು.
ಬೇಲಿ ಬರುತ್ತಿತ್ತು, ಬೋರ್ಡು ಬರುತ್ತಿತ್ತು,
ಕಾವಲಿಗೆ ಅಂತ ನನಗೂ ಒಂದು ಸಂಬಳ.
ಆದರೆ ಒಬ್ಬ ಮನುಷ್ಯನ ಮಡಿಲನ್ನು
ಹೇಗೆ ಅಳಿಸುವುದು?

"ಹಾಲಿನ ಪುಡಿಯ ಡಬ್ಬದಲ್ಲಿ ಬಂತು," ಅಂದೆ.

"ನೆಟ್ಟದ್ದಾ?"
"ನೆಟ್ಟದ್ದು."

ಸಿಟ್ಟಾಗಲಿಲ್ಲ ಮೇಡಂ.
ಬರೆದದ್ದರ ಮೇಲೆ ಒಂದೇ ಗೆರೆ, ನೆಟ್ಟಗೆ.
ಎತ್ತಿಟ್ಟುಕೊಂಡಿದ್ದ ಉದುರು ಹೂವನ್ನು
ತಿರುಗಿ ಬುಡದಲ್ಲೇ ಇಟ್ಟರು,
ಯಾರದೋ ವಸ್ತು ತಪ್ಪಿ ಎತ್ತಿಕೊಂಡವರ ಹಾಗೆ.

ಇಳಿಯುವಾಗ,
ಝರಿಯ ಪಕ್ಕ, ಪಾಚಿ ಕಟ್ಟಿದ ಬಂಡೆಯ ಬಿರುಕಿನಲ್ಲಿ,
ಒಂದು, ಎರಡು, ನಾಲ್ಕು.
ಬೆರಳುದ್ದವೂ ಇಲ್ಲ.
ಕೂತು ಒಂದರ ಎಲೆ ಮಗುಚಿದೆ. ತುಕ್ಕು. ನಾಯಿಮರಿಯ ಕಿವಿ.
ಇವನ್ನು ಯಾರೂ ಹೊತ್ತು ತಂದಿಲ್ಲ.
ಡಬ್ಬವಿಲ್ಲ, ಬಸ್ಸಿಲ್ಲ, ಹಟ್ಟಿಯ ಹೆಸರೂ ಗೊತ್ತಿಲ್ಲ.

ಹಿಂದೆ ಹೆಜ್ಜೆ ಸಪ್ಪಳ.

ಎದ್ದೆ. "ಈಚೆಯಿಂದ ಬನ್ನಿ ಮೇಡಂ,
ಆ ಕಲ್ಲು ಜಾರುತ್ತದೆ," ಅಂದೆ.
ಅವರು ದಾಟುವವರೆಗೆ
ಅಲ್ಲೇ ಅಡ್ಡ ನಿಂತಿದ್ದೆ.